ಗಿಡಗಳ ಮನೆತನವನ್ನು ಅರಿಯುವ ಬಗೆ

ನಮ್ಮ ನಾಡಿನ ಹೆಣ್ಣುಮಕ್ಕಳ ಕೈಗೆ ಹೂವು ಬಾರದ ದಿನವೇ ಇಲ್ಲವೆಂದು ಹೇಳಬಹುದು. ಮುಡಿಯುವುದಕ್ಕೂ ಮಾಲೆ ಕಟ್ಟುವುದಕ್ಕೂ ಅತಿಥಿಗಳನ್ನು ಎದುರುಗೊಳ್ಳುವುದಕ್ಕೂ ಹೂವು ಬೇಕು. ಅಡಿಗೆಮನೆಯಲ್ಲಿಯಾದರೋ ಕಾಯಿಯನ್ನು ಹೆಚ್ಚುವುದು, ಕಾಳನ್ನು ಸುಲಿಯುವುದು ನಿತ್ಯದ ಕೆಲಸ. ಹೀಗಿದ್ದರೂ ಹೂವಿನೊಳಗೆ ಏನಿದೆ, ಹೆಚ್ಚಿದ ಕಾಯಿಯಲ್ಲಿ ಕೋಣೆಗಳೆಷ್ಟು ಎಂಬುದನ್ನು ನಿಂತು ನೋಡುವವರು ವಿರಳ. ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆಯಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಶಾಲೆಯ ಏಳಿಗೆಯನ್ನು ಕುರಿತು ಬರೆಯಲು ಬೇರೆಯವರು ಇರುವುದರಿಂದ, ನಾವು ಬಹುಕಾಲದಿಂದ ತರಗತಿಯ ಒಳಗೂ ಹೊರಗೂ ಕಲಿಸುತ್ತ ಬಂದಿರುವ ಒಂದು ವಿಷಯವನ್ನೇ ಆರಿಸಿಕೊಂಡೆವು. ಗಿಡಗಳಿಗೂ ಮನೆತನಗಳುಂಟು, ಆ ಮನೆತನವನ್ನು ಹೂವಿನಿಂದಲೂ ಕಾಯಿಯಿಂದಲೂ ಗುರುತಿಸುವುದು ಹೇಗೆಂಬುದೇ ಆ ವಿಷಯ. ಸಸ್ಯಶಾಸ್ತ್ರದಲ್ಲಿ ಈ ಮನೆತನಕ್ಕೆ ಕುಟುಂಬವೆಂದು ಹೆಸರು.

ಮೊದಲು ಎಲ್ಲರಿಗೂ ಪ್ರಿಯವಾದ ಮಲ್ಲಿಗೆಯನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಮಲ್ಲಿಗೆಯೆಂಬ ಹೆಸರನ್ನು ಹೊತ್ತ ಹೂವುಗಳು ಹಲವು. ತೋಟದ ಮಲ್ಲಿಗೆ, ಬೀದಿಯಂಚಿನ ಎತ್ತರದ ಮರದಿಂದ ಉದುರುವ ಆಕಾಶಮಲ್ಲಿಗೆ, ಹಿತ್ತಿಲಲ್ಲಿ ಬೈಗಿನ ಹೊತ್ತಿಗೆ ಅರಳುವ ಸಂಜೆಮಲ್ಲಿಗೆ, ವರ್ಷವಿಡೀ ಹೂಬಿಡುವ ನಿತ್ಯಮಲ್ಲಿಗೆ. ಹೆಸರನ್ನು ಮಾತ್ರ ಕೇಳಿದವರು ಇವು ನಾಲ್ವರು ಅಕ್ಕತಂಗಿಯರೆಂದೇ ತಿಳಿಯುವರು. ಬಿಡಿಸಿ ನೋಡಿದರೆ ಇವು ನಾಲ್ಕು ಬೇರೆ ಬೇರೆ ಮನೆಗಳಿಗೆ ಸೇರಿದವು. ಒಂಟಿ ಸುತ್ತಿನ ಮಲ್ಲಿಗೆಯನ್ನಾಗಲಿ ಜಾಜಿಯನ್ನಾಗಲಿ ಸೀಳಿದರೆ ಅದರ ಕೊಳವೆಯೊಳಗೆ ಎರಡೇ ಕೇಸರಗಳು ಕಾಣುತ್ತವೆ. ಆಕಾಶಮಲ್ಲಿಗೆಯಲ್ಲಿ ಕೇಸರಗಳು ನಾಲ್ಕು, ಅವುಗಳಲ್ಲಿ ಎರಡು ಉದ್ದ, ಎರಡು ಗಿಡ್ಡ. ಸಂಜೆಮಲ್ಲಿಗೆಯಲ್ಲಿ ನಾವು ಎಸಳೆಂದು ತಿಳಿಯುವ ಬಣ್ಣದ ಭಾಗವು ನಿಜವಾಗಿ ಎಸಳಲ್ಲ; ಅದು ಪುಷ್ಪಪಾತ್ರೆಯೇ ಬಣ್ಣ ತಳೆದು ನಿಂತಿರುವುದು. ಅದರ ಕಾಯಿ ಕರಿಯ ಮೆಣಸಿನ ಕಾಳಿನಂತೆ ಕಪ್ಪಾಗಿ, ಒಂದೇ ಬೀಜವುಳ್ಳದ್ದಾಗಿರುತ್ತದೆ. ನಿತ್ಯಮಲ್ಲಿಗೆಯಾದರೋ ಹೂವೊಂದಕ್ಕೆ ಎರಡರಂತೆ ಜೋಡಿಕಾಯಿ ಬಿಡುತ್ತದೆ. ಅದರ ಮೊಗ್ಗಿನಲ್ಲಿ ಎಸಳುಗಳು ಒಂದರ ಮೇಲೊಂದು ತಿರುಚಿಕೊಂಡಿರುತ್ತವೆ. ಇವೆರಡೂ ಕಣಗಿಲೆಯ ಲಕ್ಷಣಗಳು. ನಮ್ಮ ಹಿರಿಯರಲ್ಲಿ ಕೆಲವರು ಇದೇ ಗಿಡವನ್ನು ಕಾಶಿಕಣಗಿಲೆಯೆಂದು ಕರೆದರು. ಆ ಹೆಸರನ್ನಿಟ್ಟವರು ಶಾಸ್ತ್ರವನ್ನು ಓದಿರಲಿಕ್ಕಿಲ್ಲ. ಆದರೆ ಅವರ ಹೆಸರೇ ಶಾಸ್ತ್ರಕ್ಕೆ ಒಪ್ಪುತ್ತದೆ. ಹಾಗಾದರೆ ಮಲ್ಲಿಗೆಯ ನಿಜವಾದ ನೆಂಟರು ಯಾರು? ಮಲ್ಲಿಗೆಯೆಂಬ ಹೆಸರೇ ಇಲ್ಲದ ಪಾರಿಜಾತ. ಬೆಳಗಿನಲ್ಲಿ ನೆಲದ ಮೇಲೆ ಬಿದ್ದ ಪಾರಿಜಾತದ ಕೇಸರಿ ಬಣ್ಣದ ಕೊಳವೆಯನ್ನು ಸೀಳಿ ನೋಡಿರಿ. ಅಲ್ಲಿಯೂ ಕೇಸರಗಳು ಎರಡೇ.

ಕಳ್ಳಿಯ ವಿಷಯವೂ ಇದೇ ರೀತಿಯದು. ಹೊಲದ ಬೇಲಿಯಲ್ಲಿ ಬೆಳೆಯುವ ಹಾಲುಗಳ್ಳಿಯನ್ನೂ ಪಾಪಾಸುಕಳ್ಳಿಯನ್ನೂ ನಾವು ಒಂದೇ ಉಸಿರಿನಲ್ಲಿ ಕಳ್ಳಿಯೆನ್ನುತ್ತೇವೆ. ಎರಡಕ್ಕೂ ಎಲೆ ಕಡಮೆ, ಕಾಂಡ ಹಸಿರು ಮತ್ತು ದಪ್ಪ. ಮಳೆ ಕಡಮೆಯಾದ ನೆಲದಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದಕ್ಕಾಗಿ ಎರಡೂ ಒಂದೇ ಬಗೆಯ ಉಡುಪನ್ನು ತೊಟ್ಟಿವೆ, ಅಷ್ಟೆ. ಪಾಪಾಸುಕಳ್ಳಿಯು ಅಮೆರಿಕ ಖಂಡದಿಂದ ಬಂದದ್ದು. ಅದರ ಹೂವು ದೊಡ್ಡದು, ಎಸಳೂ ಕೇಸರಗಳೂ ಲೆಕ್ಕಕ್ಕೆ ಸಿಕ್ಕದಷ್ಟು, ಹೂವಿನ ಕೆಳಗೇ ಕಾಯಿ ಮೂಡಿ ಹಣ್ಣಾಗಿ ಕೆಂಪಗಾಗುತ್ತದೆ. ಹಾಲುಗಳ್ಳಿಯ ಹೂವು ಕಣ್ಣಿಗೆ ಬೀಳುವುದೇ ಕಷ್ಟ. ಅದರ ಕಾಯಿ ಮೂರು ಕೋಣೆಯದು. ಆದುದರಿಂದ ಹಾಲುಗಳ್ಳಿಗೆ ಹತ್ತಿರದ ನೆಂಟ ಪಾಪಾಸುಕಳ್ಳಿಯಲ್ಲ, ಅಗಲವಾದ ಎಲೆಯುಳ್ಳ ಹರಳು ಗಿಡ. ಉಡುಪನ್ನು ನೋಡಿ ನೆಂಟಸ್ತನವನ್ನು ನಿರ್ಣಯಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎಲೆ, ಕಾಂಡ, ಎತ್ತರ ಇವು ನೆಲಕ್ಕೂ ನೀರಿಗೂ ತಕ್ಕಂತೆ ಬೇಗ ಮಾರ್ಪಡುತ್ತವೆ. ಹೂವಿನ ಅಂಗಗಳ ಕಟ್ಟಡವು ಅಷ್ಟು ಸುಲಭವಾಗಿ ಮಾರ್ಪಡುವುದಿಲ್ಲ.

ಆದರೆ ಹೂವಿನ ಒಂದೇ ಗುರುತನ್ನು ಹಿಡಿದುಕೊಂಡು ಹೊರಟರೂ ದಾರಿ ತಪ್ಪುವುದುಂಟು. ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದನು. ಆ ವಿಂಗಡಣೆಗೆ ಮುಖ್ಯ ಆಧಾರ ಕೇಸರಗಳ ಸಂಖ್ಯೆ ಮತ್ತು ಜೋಡಣೆ. ಮಲ್ಲಿಗೆಗೂ ಪಾರಿಜಾತಕ್ಕೂ ಕೇಸರಗಳು ಎರಡೆರಡಾದ್ದರಿಂದ ಅವು ಒಂದೇ ವರ್ಗಕ್ಕೆ ಸೇರಿದವು, ಅದು ಸರಿಯೇ. ಆದರೆ ಉದ್ಯಾನಗಳಲ್ಲಿ ಕೆಂಪು ಸಾಲಾಗಿ ಬೆಳೆಸುವ ಸಾಲ್ವಿಯಾದ ಬಳಗಕ್ಕೂ ಕೇಸರಗಳು ಎರಡೇ ಆದುದರಿಂದ ಅದೂ ಅದೇ ವರ್ಗದಲ್ಲಿ ಕುಳಿತಿತು. ಸಾಲ್ವಿಯಾ ತುಳಸಿಯ ನೆಂಟ: ತುಟಿಯಂತೆ ಎರಡಾಗಿ ತೆರೆದ ಹೂವು, ಪುಷ್ಪಪಾತ್ರೆಯ ತಳದಲ್ಲಿ ನಾಲ್ಕು ಪುಟ್ಟ ಕಾಯಿಗಳು. ತುಂಬೆಯಲ್ಲಿಯೂ ಇದನ್ನೇ ಕಾಣಬಹುದು. ಫ್ರಾನ್ಸ್ ದೇಶದ ಜೂಸ್ಯೂ ಎಂಬಾತನು 1789ರಲ್ಲಿ ಬೇರೊಂದು ಮಾರ್ಗವನ್ನು ತೋರಿಸಿದನು. ಒಂದು ಗುರುತನ್ನಲ್ಲ, ಹೂವು, ಕಾಯಿ, ಬೀಜಗಳ ಎಲ್ಲ ಗುರುತುಗಳನ್ನೂ ಒಟ್ಟಿಗೆ ತೂಗಿ ನೋಡಿ ಕುಟುಂಬಗಳನ್ನು ಕಟ್ಟಬೇಕೆಂಬುದು ಆತನ ಮಾರ್ಗ. ಇಂದಿಗೂ ನಾವು ನಡೆಯುತ್ತಿರುವುದು ಆ ದಾರಿಯಲ್ಲಿಯೇ.

ಈ ಕೆಲಸಕ್ಕೆ ಬೇಕಾದ ಸಲಕರಣೆ ಬಹಳವಿಲ್ಲ. ಒಂದು ಭೂತಕನ್ನಡಿ, ಒಂದು ಬ್ಲೇಡು, ಒಂದು ಗುಂಡುಸೂಜಿ, ಬಿಳಿಯ ಕಾಗದದ ಒಂದು ಹಾಳೆ. ಕೇಳಬೇಕಾದ ಪ್ರಶ್ನೆಗಳು ಐದು. ಅಂಡಾಶಯವು ಎಸಳುಗಳ ಮೇಲಿದೆಯೋ ಕೆಳಗಿದೆಯೋ? ಎಸಳುಗಳು ಬಿಡಿಬಿಡಿಯಾಗಿವೆಯೋ ಕೂಡಿಕೊಂಡಿವೆಯೋ? ಕೇಸರಗಳೆಷ್ಟು, ಅವು ಬಿಡಿಯೋ ಒಂದಕ್ಕೊಂದು ಸೇರಿದವೋ? ಅಂಡಾಶಯವನ್ನು ಅಡ್ಡಲಾಗಿ ಕತ್ತರಿಸಿದರೆ ಕೋಣೆಗಳೆಷ್ಟು, ಒಂದೊಂದರಲ್ಲಿ ಬೀಜಗಳೆಷ್ಟು? ಕೊನೆಯದಾಗಿ, ಕಾಯಿ ಬಲಿತಾಗ ಸಿಡಿಯುತ್ತದೆಯೋ, ಮೆತ್ತಗಾಗುತ್ತದೆಯೋ, ಒಣಗಿ ಹಾಗೆಯೇ ಉಳಿಯುತ್ತದೆಯೋ? ಈ ಐದು ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಂಡ ಹುಡುಗಿಗೆ ಗಿಡದ ಹೆಸರು ತಿಳಿಯದೆ ಹೋದರೂ ಅದರ ಮನೆ ಯಾವುದೆಂಬುದು ಅನೇಕ ವೇಳೆ ತಿಳಿಯುತ್ತದೆ. ತೋಟಗಾರರು ಬೆಳೆಸುವ ದಟ್ಟವಾದ ಸುತ್ತುಮಲ್ಲಿಗೆ, ಗುಲಾಬಿ ಮೊದಲಾದವು ಈ ಅಭ್ಯಾಸಕ್ಕೆ ತಕ್ಕವಲ್ಲ. ಅವುಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಬೇಲಿಯ ಬಡ ಹೂವೇ ಒಳ್ಳೆಯ ಗುರು.

ಸರ್ಜಾಪುರಕ್ಕೆ ನಾವು ಉಪಾಧ್ಯಾಯಿನಿಯಾಗಿ ಬಂದ ಹೊಸದರಲ್ಲಿ ನಮಗೆ ದೊರೆತ ಅತ್ಯುತ್ತಮ ಪಾಠಪುಸ್ತಕವೆಂದರೆ ಊರ ಹೊರಗಿನ ಒಂದು ರಾಗಿಯ ಹೊಲ. ಈ ಸೀಮೆಯ ರೈತರು ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲವೆಂಬುದನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ರಾಗಿಯ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು ಇವುಗಳನ್ನು ಹಾಕುವುದು ವಾಡಿಕೆ. ಮಳೆಗಾಲ ಕಳೆದು ಇವೆಲ್ಲ ಹೂವಿಗೆ ಬಂದಾಗ ಶನಿವಾರದ ಮಧ್ಯಾಹ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು, ಹೊಲದ ಯಜಮಾನರ ಅಪ್ಪಣೆ ಪಡೆದು, ಬದುವಿನ ಮೇಲೆ ಕುಳಿತು ಪಾಠ ಮಾಡುತ್ತಿದ್ದೆವು. ಒಂದೇ ಹೊಲದಲ್ಲಿ ಐದು ಕುಟುಂಬಗಳು.

ಅವರೆಯ ಹೂವು ಚಿಟ್ಟೆಯಂತಿದೆ. ಹಿಂದೆ ಬಾವುಟದಂತೆ ಎದ್ದು ನಿಂತ ದೊಡ್ಡ ಎಸಳು ಒಂದು, ಪಕ್ಕದಲ್ಲಿ ರೆಕ್ಕೆಯಂಥವು ಎರಡು, ಮುಂದೆ ದೋಣಿಯಂತೆ ಕೂಡಿಕೊಂಡವು ಎರಡು. ದೋಣಿಯನ್ನು ಬಿಡಿಸಿದರೆ ಕೇಸರಗಳು ಹತ್ತು. ಒಂಬತ್ತು ಒಟ್ಟಿಗೆ ಸೇರಿವೆ, ಒಂದು ಒಂಟಿ. ಇವುಗಳ ನಡುವೆ ಸೊಗಡಿನ ಅವರೆಕಾಯಿಯ ಪುಟ್ಟ ಮೊಳಕೆ. ತೊಗರಿಯೂ ಹಾಗೆಯೇ, ಬೇಲಿಯ ಹೊಂಗೆಮರವೂ ಹಾಗೆಯೇ. ಹುಣಿಸೆ, ತಂಗಡಿ, ಜಾಲಿ, ಮುಟ್ಟಿದರೆ ಮುನಿ ಇವುಗಳ ಹೂವಿನಲ್ಲಿ ಚಿಟ್ಟೆಯ ಆಕಾರ ಕಾಣುವುದಿಲ್ಲ. ಜಾಲಿಯ ಹೂವಂತೂ ಕೇಸರಗಳ ಚೆಂಡಿನಂತಿದೆ. ಆದರೂ ಕಾಯಿ ಬಿಟ್ಟಾಗ ಎಲ್ಲವೂ ಒಂದೇ ಬಗೆಯವು: ಒಂದೇ ಕೋಣೆ, ಒಂದು ಅಂಚಿಗೆ ಅಂಟಿಕೊಂಡ ಬೀಜಗಳು. ಹೂವು ಮರೆಮಾಡಿದ ನೆಂಟಸ್ತನವನ್ನು ಇಲ್ಲಿ ಕಾಯಿ ಬಯಲು ಮಾಡುತ್ತದೆ.

ಸಾಸಿವೆಯ ಹೂವಿನಲ್ಲಿ ನಾಲ್ಕು ಎಸಳುಗಳು ಶಿಲುಬೆಯಂತೆ ನಿಂತಿವೆ; ಕೇಸರಗಳು ಆರು, ನಾಲ್ಕು ಉದ್ದ, ಎರಡು ಗಿಡ್ಡ. ಮೂಲಂಗಿಯನ್ನೂ ಕೋಸನ್ನೂ ಹೂವಿಗೆ ಬಿಟ್ಟರೆ ಅಲ್ಲಿಯೂ ಇದೇ ಲೆಕ್ಕ. ಹುಚ್ಚೆಳ್ಳಿನ ಹಳದಿ ಹೂವು ಮಕ್ಕಳನ್ನು ಬಹಳವಾಗಿ ಅಚ್ಚರಿಗೊಳಿಸುತ್ತದೆ. ಅದು ಒಂದು ಹೂವಲ್ಲ, ಒಂದು ಸಭೆ. ಸುತ್ತಲೂ ಸಾಮಾನ್ಯವಾಗಿ ಎಂಟು ನಾಲಗೆಯಂಥ ಹೂವುಗಳು, ನಡುವೆ ಕೊಳವೆಯಂಥ ಕಿರಿಹೂವುಗಳ ದಟ್ಟಣೆ. ಒಂದೊಂದು ಕಿರಿಹೂವಿನಲ್ಲಿಯೂ ಐದು ಪರಾಗಕೋಶಗಳು ಕೂಡಿ ಒಂದು ಕೊಳವೆಯಾಗಿವೆ, ಒಂದೊಂದರ ಅಡಿಯಲ್ಲಿಯೂ ಒಂದು ಕಾಳು. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ, ಬಯಲುಗಳನ್ನೆಲ್ಲ ಆಕ್ರಮಿಸಿರುವ ಕಾಂಗ್ರೆಸ್ ಗಿಡ, ಇವೆಲ್ಲ ಈ ಮನೆಯವೇ. ಸೂರ್ಯಕಾಂತಿಯ ಬೀಜವೆಂದು ಅಂಗಡಿಯಲ್ಲಿ ಕೊಳ್ಳುವುದು ಬೀಜವಲ್ಲ, ಸಿಪ್ಪೆಸಹಿತವಾದ ಇಡೀ ಕಾಯಿ.

ಹರಳಿನ ಗೊನೆಯಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಕೆಳಗೆ ಗಂಡು, ಮೇಲೆ ಕೆಂಪು ಶಲಾಕಾಗ್ರಗಳುಳ್ಳ ಹೆಣ್ಣು. ಎಸಳುಗಳೇ ಇಲ್ಲ. ಕಾಯಿ ಮೂರು ಕೋಣೆಯದು, ಕೋಣೆಗೆ ಒಂದು ಬೀಜ. ರಾಗಿಗೆ ಎಸಳೂ ಇಲ್ಲ, ಬಣ್ಣವೂ ಇಲ್ಲ. ಹೊಟ್ಟಿನಂಥ ತೆಳು ಹಾಳೆಗಳ ನಡುವೆ ಮೂರು ಕೇಸರಗಳು. ಹುಲ್ಲಿನ ಮನೆತನದ್ದು ಈ ಸರಳತೆ. ಬಿದಿರೂ ಕಬ್ಬೂ ಇದೇ ಮನೆಯವು. ಹೀಗೆ ಬೇರೆ ಬೇರೆ ಮನೆಗಳ ಬೆಳೆಗಳನ್ನು ಒಂದೇ ಹೊಲದಲ್ಲಿ ಕೂಡಿಸಿದುದು ಬರಿಯ ವಾಡಿಕೆಯಲ್ಲ. ಒಂದು ಮನೆತನದ ಬೆಳೆಗೆ ಬರುವ ಹುಳುವೂ ರೋಗವೂ ಸಾಮಾನ್ಯವಾಗಿ ಇನ್ನೊಂದು ಮನೆತನಕ್ಕೆ ತಗಲುವುದಿಲ್ಲ. ಅವರೆ ತೊಗರಿಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸಾರವನ್ನು ಕೂಡಿಸುತ್ತವೆ. ಮಳೆ ತಪ್ಪಿ ಒಂದು ಬೆಳೆ ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಕುಟುಂಬಗಳ ಜ್ಞಾನವು ರೈತನಿಗೆ ಹೊಟ್ಟೆಯ ಪ್ರಶ್ನೆ.

ಅದು ಪ್ರಾಣದ ಪ್ರಶ್ನೆಯೂ ಆಗಬಹುದು. ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಮ್ಮನೂ ಅವನ ಇಬ್ಬರು ಗೆಳೆಯರೂ ಬೇಲಿಯ ಬಳಿ ಆಡುತ್ತಿದ್ದವರು ಯಾವುದೋ ಗಿಡದ ಬೀಜಗಳನ್ನು ಕಡಲೆಕಾಯಿಯಂತಿವೆಯೆಂದು ತಿಂದರು. ಸ್ವಲ್ಪ ಹೊತ್ತಿನಲ್ಲಿ ಮೂವರಿಗೂ ವಾಂತಿ ಭೇದಿ ಆರಂಭವಾಯಿತು. ದೊಡ್ಡವರು ಬಿಸಿಲಿನ ದೆಸೆಯಿಂದ ಆಯಿತೆಂದರು, ಹಳಸಿದ ಅನ್ನವೆಂದರು. ಹುಡುಗಿಯು ಬೇಲಿಯ ಬಳಿಗೆ ಓಡಿಹೋಗಿ, ಮಕ್ಕಳು ಒಡೆದು ಬಿಸಾಡಿದ ಕಾಯಿಯ ಸಿಪ್ಪೆಯನ್ನು ನೋಡಿದಳು. ಮೂರು ಕೋಣೆಗಳು, ಕೋಣೆಗೆ ಒಂದು ಕರಿಯ ಬೀಜ. ಮುಳ್ಳಿಲ್ಲದ ನುಣುಪು ಕಾಯಿ, ಎಲೆಯೂ ಹರಳಿನದಲ್ಲ. ಆದರೂ ಇದು ಹರಳಿನ ಮನೆಯದು, ವಿಷವಿರಬಹುದು ಎಂದು ಅವಳು ನಿಶ್ಚಯಿಸಿ, ಹೂವೂ ಕಾಯಿಯೂ ಇದ್ದ ಒಂದು ಕೊಂಬೆಯನ್ನು ಮುರಿದುಕೊಂಡು ಮಕ್ಕಳ ಜೊತೆಯಲ್ಲಿಯೇ ಆಸ್ಪತ್ರೆಗೆ ಹೋದಳು. ಅದು ಕಾಡುಹರಳೆಂಬುದು ಅಲ್ಲಿನ ವೈದ್ಯರಿಗೆ ಕೊಂಬೆಯನ್ನು ಕಂಡೊಡನೆ ತಿಳಿಯಿತು. ತಡವಿಲ್ಲದೆ ಚಿಕಿತ್ಸೆ ನಡೆದು ಮೂವರೂ ಗುಣಹೊಂದಿದರು. ಆ ಗಿಡದ ಹೆಸರು ಅವಳಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಮನೆತನ ತಿಳಿದಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕುಟುಂಬವನ್ನು ಗುರುತಿಸಿದ ಮಾತ್ರಕ್ಕೆ ತಿನ್ನಬಹುದೆಂಬ ಅಪ್ಪಣೆ ದೊರೆತಂತಲ್ಲ. ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗೆಡ್ಡೆ ಇವು ಒಂದು ಮನೆಯವು. ಕೂಡಿಕೊಂಡ ಐದು ಎಸಳು, ಐದು ಕೇಸರ, ಕಾಯಿಯ ತೊಟ್ಟಿನಲ್ಲಿ ಉಳಿದುಕೊಳ್ಳುವ ಹಸಿರು ಟೋಪಿ, ಒಳಗೆ ಲೆಕ್ಕವಿಲ್ಲದ ಬೀಜ. ಬದನೆಯನ್ನು ಹೆಚ್ಚುವಾಗ ಇವೆಲ್ಲ ಕಾಣುತ್ತವೆ. ಅದೇ ಮನೆಯಲ್ಲಿ ಹೊಗೆಸೊಪ್ಪೂ ಇದೆ, ಬುದ್ಧಿಗೆಡಿಸುವ ಉಮ್ಮತ್ತಿಯೂ ಇದೆ. ಆಲೂಗೆಡ್ಡೆಯ ಗೆಡ್ಡೆ ಆಹಾರ. ಅದರ ಹಸಿರು ಕಾಯಿ ವಿಷ. ಕಾಶಿಕಣಗಿಲೆಯನ್ನೇ ನೋಡಿರಿ: ವಿಷವುಳ್ಳ ಆ ಗಿಡದಿಂದಲೇ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು ತೆಗೆದರು. ಒಂದು ಗಿಡದಲ್ಲಿ ಕಂಡುದನ್ನು ಅದರ ನೆಂಟರಲ್ಲಿಯೂ ಹುಡುಕಿ ನೋಡಬಹುದೆಂಬ ಸೂಚನೆಯನ್ನು ಮನೆತನವು ಕೊಡುತ್ತದೆ. ನಿರ್ಣಯವನ್ನು ಪರೀಕ್ಷೆಯಿಂದಲೇ ಮಾಡತಕ್ಕದ್ದು.

ಶಾಸ್ತ್ರವೂ ತನ್ನ ನಿರ್ಣಯಗಳನ್ನು ಆಗಾಗ್ಗೆ ತಿದ್ದಿಕೊಳ್ಳುತ್ತದೆ. ಬೆಂಥಮ್ ಮತ್ತು ಹೂಕರ್ ಪಂಡಿತರು 1862ರಿಂದ 1883ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ ಬೀಜಸಸ್ಯಗಳ ಕುಟುಂಬಗಳು 202. ಜೀವಕೋಶಗಳಲ್ಲಿರುವ ಡಿ.ಎನ್.ಎ.ಯನ್ನು ಹೋಲಿಸಿ ನೋಡುವ ವಿದ್ವಾಂಸರ ಮಂಡಲಿಯು 1998ರಲ್ಲಿ ಹೊಸ ವಿಂಗಡಣೆಯನ್ನು ಆರಂಭಿಸಿತು. ಅದರ 2016ರ ಪರಿಷ್ಕರಣದಲ್ಲಿ ಹೂಬಿಡುವ ಸಸ್ಯಗಳ ಕುಟುಂಬಗಳು 416. ಬೇರೆ ಕುಟುಂಬವೆನಿಸಿದ್ದ ಎಕ್ಕವು ಕಣಗಿಲೆಯ ಮನೆಗೂ, ಬೂರುಗವು ದಾಸವಾಳ, ಬೆಂಡೆ, ಹತ್ತಿಗಳ ಮನೆಗೂ ಸೇರಿದವು. ಹರಳಿನ ಮನೆಯಲ್ಲಿದ್ದ ನೆಲ್ಲಿಯು ಬೇರೆ ಮನೆ ಹೂಡಿತು. ಇದನ್ನು ಕೇಳಿ, ಹಾಗಾದರೆ ಹೂವನ್ನು ಬಿಡಿಸುವ ಹಳೆಯ ಪದ್ಧತಿ ವ್ಯರ್ಥವೇ ಎಂದು ಕೆಲವರು ಕೇಳುವರು. ಅಲ್ಲ. ಬೆಟ್ಟದ ನೆಲ್ಲಿಯ ಗಟ್ಟಿ ಓಟೆಯನ್ನು ಒಡೆದು ನೋಡಿರಿ. ಹರಳಿನಲ್ಲಿ ಕೋಣೆಗೆ ಒಂದರಂತೆ ಮೂರು ಬೀಜಗಳಾದರೆ, ನೆಲ್ಲಿಯಲ್ಲಿ ಕೋಣೆಗೆ ಎರಡರಂತೆ ಆರು. ಪ್ರಯೋಗಶಾಲೆಯು ಹೇಳಿದ ಭೇದವು ನಮ್ಮ ಹುಡುಗಿಯರು ಉಪ್ಪು ಹಚ್ಚಿ ತಿಂದು ಬಿಸಾಡುವ ಓಟೆಯಲ್ಲಿಯೂ ಇತ್ತು.

ಕನ್ನಡನಾಡಿನಲ್ಲಿ ಈ ವಿದ್ಯೆಗೆ ದುಡಿದವರನ್ನು ನಾವು ಮರೆಯಬಾರದು. ರಾಮಸ್ವಾಮಿ ಮತ್ತು ರಾಜಿ ಎಂಬ ವಿದ್ವಾಂಸರು ಬೆಂಗಳೂರು ಜಿಲ್ಲೆಯ ಸಸ್ಯಗಳನ್ನು ಕುರಿತ ಗ್ರಂಥವನ್ನು 1973ರಲ್ಲಿ ಹೊರತಂದರು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನಾ ಅವರು ನಿಕಲ್ಸನ್ ಅವರೊಡನೆ ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತು 1976ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದೇ ವರ್ಷ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಹೊರಬಂತು. ವಿದ್ಯಾರ್ಥಿಗಳೊಡನೆ ಕಾಡುಮೇಡುಗಳನ್ನು ಅಲೆದು ಗಿಡಗಳನ್ನು ಗುರುತಿಸುವ ಕಥೆಯನ್ನು ನಗುನಗುತ್ತ ಹೇಳುವ ಆ ಪುಸ್ತಕವನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಓದಬೇಕೆಂದು ನಮ್ಮ ಆಶೆ.

ಈಗಿನ ಮಕ್ಕಳು ಮೊಬೈಲಿನಲ್ಲಿ ಗಿಡದ ಚಿತ್ರವನ್ನು ಹಿಡಿದು ಕ್ಷಣಮಾತ್ರದಲ್ಲಿ ಹೆಸರನ್ನು ಹೇಳಿಬಿಡುತ್ತಾರೆ. ಅದು ಅನೇಕ ಸಲ ಸರಿಯಾಗಿಯೇ ಇರುತ್ತದೆ, ಕೆಲವು ಸಲ ತಪ್ಪುತ್ತದೆ. ನಾವು ಅದನ್ನು ನಿಷೇಧಿಸುವುದಿಲ್ಲ. ಆದರೆ ಹೆಸರು ದೊರೆತೊಡನೆ ನೋಡುವುದು ನಿಂತುಹೋಗುತ್ತದೆ; ಅದೇ ಅದರ ದೋಷ. ಆದುದರಿಂದ ನಮ್ಮ ತರಗತಿಯಲ್ಲಿ ಮೊದಲು ಐದು ಪ್ರಶ್ನೆಗಳಿಗೆ ಉತ್ತರ, ಆಮೇಲೆ ಮೊಬೈಲು ಎಂಬ ನಿಯಮವನ್ನಿಟ್ಟಿದ್ದೇವೆ.

ಇದಕ್ಕಿಂತ ದೊಡ್ಡ ಕಷ್ಟ ಬೇರೊಂದಿದೆ. ನಾವು ಪಾಠ ಮಾಡುತ್ತಿದ್ದ ಆ ರಾಗಿಯ ಹೊಲ ಈಗ ಇಲ್ಲ. ಅಲ್ಲಿ ಬಹು ಅಂತಸ್ತಿನ ಮನೆಗಳೆದ್ದಿವೆ. ಅವುಗಳಲ್ಲಿ ವಾಸಿಸುವವರ ಹೆಣ್ಣುಮಕ್ಕಳೂ ನಮ್ಮ ಶಾಲೆಗೆ ಬರುತ್ತಾರೆ, ಅವರೂ ನಮ್ಮವರೇ. ಊರು ಬೆಳೆಯಬಾರದೆಂದು ನಾವು ಹೇಳುವುದಿಲ್ಲ. ಆದರೆ ಆ ಮನೆಗಳ ಸುತ್ತ ನೆಟ್ಟಿರುವ ಅಲಂಕಾರದ ಗಿಡಗಳಲ್ಲಿ ಬಹುಮಟ್ಟಿಗೆ ಎಲೆಯ ಬಣ್ಣಕ್ಕಾಗಿ ಬೆಳೆಸಿದವು. ಹೂವು ಬಿಡುವ ಮೊದಲೇ ಅವುಗಳನ್ನು ಕತ್ತರಿಸಿ ಸಮಮಾಡುತ್ತಾರೆ. ಹೂವನ್ನೂ ಕಾಯಿಯನ್ನೂ ಕಾಣದೆ ಬೆಳೆಯುವ ಮಕ್ಕಳಿಗೆ ನಾವು ಯಾವ ಮನೆತನವನ್ನು ತೋರಿಸೋಣ? ಅದಕ್ಕಾಗಿ ಶಾಲೆಯ ಹಿಂಬದಿಯಲ್ಲಿ ಎರಡು ಅಂಕಣದಷ್ಟು ನೆಲವನ್ನು ಬಿಟ್ಟು, ರಾಗಿಯನ್ನೂ ಅಕ್ಕಡಿಯನ್ನೂ ಮಕ್ಕಳ ಕೈಯಿಂದಲೇ ಬಿತ್ತಿಸಿದ್ದೇವೆ. ಅದರ ಅಂಚಿನಲ್ಲಿ ತುಂಬೆ, ಎಕ್ಕ, ತಂಗಡಿ ತಾವಾಗಿಯೇ ಬಂದಿವೆ; ಅವುಗಳನ್ನು ಕೀಳಬಾರದೆಂದು ಮಾಲಿಗೆ ಹೇಳಿದ್ದೇವೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬೇಡಿಕೆ. ನೀವು ಎಲ್ಲಿಯೇ ಮನೆ ಮಾಡಿಕೊಂಡಿರಿ, ನಿಮ್ಮ ಹಿತ್ತಿಲಿನಲ್ಲಾಗಲಿ ಮಾಳಿಗೆಯ ಕುಂಡದಲ್ಲಾಗಲಿ ಒಂದು ಅವರೆಯ ಬಳ್ಳಿಯನ್ನೂ ಒಂದು ಸಾಸಿವೆಯ ಗಿಡವನ್ನೂ ಹೂವು ಕಾಯಿ ಬಿಡುವವರೆಗೆ ಉಳಿಸಿರಿ. ಗುರುತು ಸಿಕ್ಕದ ಗಿಡವನ್ನು ಕಂಡರೆ ಕೀಳುವುದಕ್ಕೆ ಆತುರಪಡಬೇಡಿರಿ. ಅದು ಹೂವು ಬಿಡಲಿ, ಕಾಯಿ ಬಲಿಯಲಿ. ಆಮೇಲೆ ಮಕ್ಕಳನ್ನು ಹತ್ತಿರಕ್ಕೆ ಕರೆದು, ಅವರ ಕೈಗೆ ಗುಂಡುಸೂಜಿಯನ್ನು ಕೊಟ್ಟು, ಎಣಿಸಲು ಹೇಳಿರಿ. ಉತ್ತರ ದೊರೆಯದಿದ್ದರೆ ಹೂವೂ ಕಾಯಿಯೂ ಇರುವ ಒಂದು ರೆಂಬೆಯನ್ನು ಹಳೆಯ ಕಾಗದದ ನಡುವೆ ಒತ್ತಿ ಶಾಲೆಗೆ ಕಳುಹಿಸಿಕೊಡಿರಿ. ಬರಿಯ ಎಲೆಯನ್ನು ಮಾತ್ರ ಕಳುಹಿಸಬೇಡಿರಿ.